ಹೊರಗಿನ ಚಿಲಕ

ಆ ದಿನ ಗೇಟಿನ ಮುಂದೆ ಗಂಡಸರು ಅಳುತ್ತಿದ್ದರು. ಕೊರಳಿಗೆ ಕ್ಲಬ್ಬಿನ ಕೆಂಪು ಬಟ್ಟೆ ಸುತ್ತಿಕೊಂಡವರು, ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು, ಮನೆಯಲ್ಲಿ ಹೆಣ ಇಟ್ಟುಕೊಂಡವರಂತೆ ಬಿಕ್ಕುತ್ತಿದ್ದರು. ಗೇಟಿಗೆ ಒಂದು ಕಾಗದ ಅಂಟಿಸಿತ್ತು. ಫುಟ್‌ಬಾಲ್ ಕ್ಲಬ್ಬು ಇನ್ನು ನಡೆಯುವುದಿಲ್ಲ, ಶನಿವಾರದ ಆಟವೇ ಕಡೆಯದು, ಮೈದಾನ ಬೇರೆಯವರ ವಶವಾಗುತ್ತದೆ ಎಂದು ಅದರಲ್ಲಿ ಬರೆದಿತ್ತು.

ಅದೇ ಹೊತ್ತಿಗೆ ಆಸ್ಪತ್ರೆಯ ಗಾಡಿ ಬಂದು ಜನರ ಹಿಂದೆ ನಿಂತಿತು. ಅದರೊಳಗೆ ಆ ಮೈದಾನಕ್ಕೆ ಬಿಳಿ ಗೆರೆ ಎಳೆಯುತ್ತಿದ್ದವನ ಹೆಣವಿತ್ತು. ಪಕ್ಕದಲ್ಲಿ ಅವನ ಹೆಂಡತಿ ಕೂತಿದ್ದಳು. ಆಟಗಾರರ ಬಟ್ಟೆ ಒಗೆಯುವವಳು ಆಕೆಯೇ. ಅವರಿಬ್ಬರ ಮನೆ ಮೈದಾನದ ಹಿಂಗೋಡೆಗೆ ಒತ್ತಿಕೊಂಡಿದ್ದ ಒಂದೂವರೆ ಕೋಣೆ. ಮನೆಗೆ ಹೋಗಲು ಆ ಗೇಟು ಬಿಟ್ಟರೆ ಬೇರೆ ದಾರಿಯಿರಲಿಲ್ಲ.

ಡ್ರೈವರ್ ಹಾರ್ನ್ ಹೊಡೆದ. ಒಬ್ಬ ತಿರುಗಿ ಗಾಡಿಯ ಮೂತಿಗೆ ಗುದ್ದಿದ.

"ಏನಯ್ಯಾ, ಇಲ್ಲಿ ಏನಾಗಿದೆ ಅಂತ ಕಾಣಲ್ವಾ ನಿಂಗೆ?"

"ಹೆಣ ಇದೆ ಸಾರ್. ಸ್ವಲ್ಪ ದಾರಿ ಬಿಡಿ."

"ಯಾರದು?"

"ಗೆರೆಯಣ್ಣಂದು."

"ಯಾರು ಗೆರೆಯಣ್ಣ?" ಎಂದ ಅವನು. ಅವನ ಕೊರಳಿನ ಬಟ್ಟೆ ಹಳೆಯದು. ಹದಿನೈದು ವರ್ಷದಿಂದಲಾದರೂ ಅವನು ಅಲ್ಲಿಗೆ ಬರುತ್ತಿದ್ದನು. ಬಂದಷ್ಟು ದಿನವೂ ಗೆರೆಯಣ್ಣ ಎಳೆದ ಗೆರೆಯನ್ನು ನೋಡಿದ್ದನು.

ಜನ ದಾರಿ ಬಿಟ್ಟರು. ಗಾಡಿ ಒಳಗೆ ಹೋದ ಮೇಲೆ ಮತ್ತೆ ಕಾಗದದ ಕಡೆಗೆ ತಿರುಗಿದರು. ಅಂದು ಎರಡು ಸಾವು. ಜನ ಅತ್ತದ್ದು ಒಂದಕ್ಕೆ.

ಆಕೆ ಕಿಟಕಿಯಿಂದ ಮೈದಾನ ನೋಡಿದಳು. ಹಿಂದಿನ ದಿನ, ಭಾನುವಾರ, ಅಲ್ಲಿ ಆಟ ನಡೆದಿತ್ತು. ಗುತ್ತಿಗೆಯ ಆಳುಗಳು ಯಾರೋ ಗೆರೆ ಎಳೆದಿದ್ದರು. ಒಂದೂ ನೇರವಿರಲಿಲ್ಲ. ಅವನು ಕಂಡಿದ್ದರೆ, "ಎತ್ತು ಉಚ್ಚೆ ಹೊಯ್ಕೊಂಡು ಹೋದ ಹಾಗಿದೆಯಲ್ಲೇ" ಎನ್ನುತ್ತಿದ್ದನು. ಅವನು ಕಾಣಲಾರ. ಸತ್ತದ್ದರಿಂದಲ್ಲ. ಸಾಯುವ ಮೂರು ದಿನ ಮೊದಲೇ ಅವನ ಎರಡು ಕಣ್ಣೂ ಬೆಂದು ಹೋಗಿದ್ದವು.

ಮೂವತ್ತೊಂದು ವರ್ಷ ಅವನು ಆ ಮೈದಾನಕ್ಕೆ ಗೆರೆ ಎಳೆದ. ಅವನ ಹತ್ತಿರ ಇದ್ದದ್ದು ಎರಡು ಮರದ ಗೂಟ, ಅವುಗಳಿಗೆ ಸುತ್ತಿದ ಒಂದು ದಾರ. ಗೂಟ ನೆಟ್ಟು, ದಾರ ಬಿಗಿದು, ಮಂಡಿಯೂರಿ ಕಣ್ಣಿನಿಂದ ಅಳೆದು, ಆಮೇಲೆ ಸುಣ್ಣದ ಗಾಡಿ ತಳ್ಳುತ್ತಿದ್ದ. ಬೆನ್ನು ಬಾಗಿಸಿ ಬಾಗಿಸಿ ಕಡೆಗೆ ಅದು ಬಾಗಿಯೇ ಉಳಿಯಿತು. ಕಾಲ ಬೆರಳ ಸಂದಿಗಳಲ್ಲಿ ಸುಣ್ಣ ತಿಂದ ಬಿರುಕುಗಳಿದ್ದವು. ಅವುಗಳಿಗೆ ಎಣ್ಣೆ ಸವರುವುದು ಆಕೆಯ ಸಂಜೆಯ ಕೆಲಸ.

"ನಿನ್ನ ಕೈ ಸೋಪು ತಿಂದಿದೆ, ನನ್ನ ಕಾಲು ಸುಣ್ಣ ತಿಂದಿದೆ. ಇಬ್ಬರಿಗೂ ಸೇರಿ ಒಬ್ಬ ಮನುಷ್ಯನ ಚರ್ಮ ಉಳಿದಿದೆ ನೋಡೇ" ಎಂದು ಅವನು ನಗುತ್ತಿದ್ದ.

ಕ್ಲಬ್ಬು ಹುಟ್ಟಿದ್ದು ಹೆಂಚಿನ ಕಾರ್ಖಾನೆಯ ಕೂಲಿಗಳಿಂದ. ಆಗಿನ ಒಂದು ಪದ್ಧತಿ ಅಲ್ಲಿ ಬಹಳ ಕಾಲ ಉಳಿಯಿತು. ಕ್ಲಬ್ಬಿನವರು ಯಾರೇ ತೀರಿಕೊಂಡರೂ, ಮುಂದಿನ ಆಟ ಶುರುವಾಗುವ ಮೊದಲು ಅವರ ಕೆಲಸದ ಸಾಮಾನನ್ನು ಮೈದಾನದ ನಡುಚುಕ್ಕೆಯ ಮೇಲೆ ಇಡಬೇಕು. ಎರಡೂ ಕಡೆಯವರು ಸುತ್ತ ನಿಲ್ಲಬೇಕು. ಒಂದು ನಿಮಿಷವಾದ ಮೇಲೆ ಮನೆಯವರು ಬಂದು ಅದನ್ನು ಎತ್ತಿಕೊಳ್ಳಬೇಕು. ಅಲ್ಲಿಯವರೆಗೆ ಚೆಂಡನ್ನು ಆ ಚುಕ್ಕೆಯ ಮೇಲೆ ಇಡುವ ಹಾಗಿಲ್ಲ. ಟಿಕೆಟು ಹರಿಯುವವನ ತಗಡಿನ ಪೆಟ್ಟಿಗೆ, ಅಡಿಗೆಯವಳ ಸೌಟು, ಚೆಂಡು ಹೊಲಿಯುವವನ ದಬ್ಬಳ, ಎಲ್ಲವೂ ಆ ಚುಕ್ಕೆಯ ಮೇಲೆ ಕೂತಿದ್ದವು. ಅವನ್ನು ಒಯ್ದು ಇಡುತ್ತಿದ್ದವನು ಗೆರೆಯಣ್ಣನೇ. ಚುಕ್ಕೆಯ ನಟ್ಟನಡುವೆ ಇಡಬೇಕೆಂದು ಎರಡೆರಡು ಸಲ ಸರಿಮಾಡುತ್ತಿದ್ದ.

"ನನ್ನ ಗೂಟ ಇಡೋವಾಗ ಯಾರು ಸರಿಮಾಡ್ತಾರೋ" ಎಂದು ಒಮ್ಮೆ ಹೆಂಡತಿಗೆ ಹೇಳಿದ್ದ. ಆಕೆ, "ನಾನು ಮೊದಲು ಹೋಗ್ತೀನಿ, ನೀವು ನನ್ನ ಸೋಪಿನ ಡಬ್ಬಿ ಇಡಿ" ಎಂದಿದ್ದಳು.

ಆಮೇಲೆ ಧಣಿ ಬಂದ. ಬೇರೆ ಊರಿನವನು, ಬೇರೆ ವ್ಯಾಪಾರದವನು. ಕ್ಲಬ್ಬನ್ನು ಕೊಂಡು ಮೂರು ವರ್ಷದಲ್ಲಿ ಮೂರು ದರ್ಜೆ ಮೇಲಕ್ಕೆ ಹತ್ತಿಸಿದ. ದೂರದಿಂದ ಆಟಗಾರರನ್ನು ತಂದ. ಗೆದ್ದ ಮೇಲೆ ಗೆದ್ದರು. ಹಳೇ ಮರದ ಬೆಂಚುಗಳು ಹೋಗಿ ಕಾಂಕ್ರೀಟಿನ ಮೆಟ್ಟಿಲುಗಳು ಎದ್ದವು. ದೊಡ್ಡವರು ಕೂರುವ ಗಾಜಿನ ಕೋಣೆಗಳು ಎದ್ದವು. ಆ ಗಾಜಿನ ಕೋಣೆಗಳ ಅಡಿಪಾಯಕ್ಕೆ ಗೆರೆಯಣ್ಣನ ತಗಡಿನ ಶೆಡ್ಡು ಹೋಯಿತು. ಶೆಡ್ಡಿನ ಹಿಂದೆ ನೀರು ಹಾಕಿ ಸುಣ್ಣ ಅರಳಿಸುವ ಕಲ್ಲಿನ ಗುಂಡಿಯಿತ್ತು. ಅದನ್ನೂ ಮುಚ್ಚಿದರು.

"ಸುಣ್ಣದ ಕಾಲ ಮುಗೀತು. ಇನ್ನು ಡಬ್ಬಿ ಬಣ್ಣ. ಒತ್ತಿದ್ರೆ ಗೆರೆ" ಎಂದರು. ಅವನೂ ಒಪ್ಪಿದ. ಸುಣ್ಣ ಆಟಗಾರರ ಮೊಣಕೈ ಮಂಡಿಗಳನ್ನು ಸುಡುತ್ತದೆಂದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಸಾಮಾನು ಇಟ್ಟುಕೊಳ್ಳಲು ಮೆಟ್ಟಿಲುಗಳ ಕೆಳಗೆ ಒಂದು ಕೋಣೆ ಕೊಟ್ಟರು. ಅದಕ್ಕೆ ಕಿಟಕಿಯಿಲ್ಲ. ಕಬ್ಬಿಣದ ಬಾಗಿಲು. ಆಟದ ದಿನ ಕ್ಯಾಮೆರಾದವರು ಬರುವ ಮುಂಚೆ ಅವನು ಆ ಕೋಣೆಗೆ ಹೋಗಿಬಿಡಬೇಕು, ಜನ ಹೋದ ಮೇಲೆ ಹೊರಗೆ ಬರಬೇಕು. ಅವನ ಬಾಗಿದ ಬೆನ್ನು, ಸುಣ್ಣ ಹತ್ತಿದ ಚಡ್ಡಿ ಚಿತ್ರದಲ್ಲಿ ಬೀಳಬಾರದು. ಅದೇ ವರ್ಷ ಅವನ ಹೆಸರನ್ನು ಕ್ಲಬ್ಬಿನ ಪಟ್ಟಿಯಿಂದ ತೆಗೆದು ಯಾವನೋ ಗುತ್ತಿಗೆದಾರನ ಪಟ್ಟಿಗೆ ಸೇರಿಸಿದರು. ಅವನಿಗೆ ಅದು ಗೊತ್ತಾದದ್ದು ಎಂಟು ತಿಂಗಳ ಮೇಲೆ.

ಕ್ಲಬ್ಬು ಹತ್ತಿದಷ್ಟೇ ಬೇಗ ಇಳಿಯಿತು. ಮೊದಲು ದೂರದಿಂದ ಬಂದ ಆಟಗಾರರು ಹೋದರು. ಬಸ್ಸು ಹೋಯಿತು. ಎರಡನೆಯ ಜೊತೆ ಬಟ್ಟೆಗಳನ್ನು ಅಂಗಡಿಯವನೇ ಬಂದು ಹೊತ್ತುಕೊಂಡು ಹೋದ. ಬಣ್ಣದ ಡಬ್ಬಿಗಳು ಬರುವುದು ನಿಂತಿತು. ಗೆರೆಯಿಲ್ಲದೆ ಆಟವಿಲ್ಲ. ಆಗ ಮ್ಯಾನೇಜರು ಕಟ್ಟಡದ ಕೆಲಸದವರ ಹತ್ತಿರ ನಾಲ್ಕು ಚೀಲ ಹರಳು ಸುಣ್ಣ ತರಿಸಿದ. ಬೇಯಿಸಿದ ಕಲ್ಲು, ಇನ್ನೂ ನೀರು ಕಾಣದ್ದು.

ಅದು ಶುಕ್ರವಾರ. ಮೈದಾನ ಕೊಳ್ಳುವವರು ನೋಡಲು ಬರುವವರಿದ್ದರು. ಹುಲ್ಲು ಹಸಿರಾಗಿ ಕಾಣಲಿ ಎಂದು ಬೆಳಗಿನಿಂದ ನೀರಿನ ಕಾರಂಜಿಗಳನ್ನು ಬಿಟ್ಟಿದ್ದರು. ಆ ಕಾರಂಜಿಗಳಿಗೆ ಒತ್ತಡ ಸಿಗಲೆಂದು ಮೆಟ್ಟಿಲ ಕೆಳಗಿನ ನಲ್ಲಿಗಳನ್ನು ಮುಚ್ಚಿದ್ದರು.

"ಇದನ್ನ ಬಯಲಲ್ಲಿ ಅರಳಿಸ್ಬೇಕು ಸಾಹೇಬ್ರೇ" ಎಂದ ಗೆರೆಯಣ್ಣ. "ತುಂಬಾ ನೀರು ಬೇಕು. ಕುದಿಯುತ್ತೆ ಇದು."

"ಬಯಲಲ್ಲಿ ಬೇಡ. ಅವರು ಓಡಾಡ್ತಾರೆ. ನಿನ್ನ ಕೋಣೇಲಿ ಮಾಡು."

"ಅಲ್ಲಿ ನಲ್ಲಿ ಬರ್ತಿಲ್ಲ."

"ಒಂದು ಕ್ಯಾನ್ ಒಯ್ಯಿ. ಭಾನುವಾರಕ್ಕೆ ಗೆರೆ ಬೇಕು. ಅವರು ಇರೋ ತನಕ ಆಚೆ ಮುಖ ಹಾಕ್ಬೇಡ."

ಹರಳು ಸುಣ್ಣಕ್ಕೆ ಕಡಿಮೆ ನೀರು ಹಾಕುವುದು ಒಲೆಗೆ ಎಣ್ಣೆ ಸುರಿದಂತೆ. ಅದು ಅವನಿಗೆ ಗೊತ್ತಿತ್ತು. ಆದರೂ ಹೋದ. ಮೂವತ್ತೊಂದು ವರ್ಷ ಹೇಳಿದ್ದನ್ನು ಮಾಡಿದ ಮೈ ಅದು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸುಣ್ಣ ಹಾಕಿ ಕ್ಯಾನಿನ ನೀರು ಸುರಿದ. ಅದು ಕುದಿಯಿತು. ಡ್ರಮ್ಮು ಮೆತ್ತಗಾಗಿ ಸೀಳಿತು. ಕುದಿಯುವ ಸುಣ್ಣ ಅವನ ಮುಖಕ್ಕೆ, ಎದೆಗೆ, ತೊಡೆಗೆ ಹಾರಿತು. ಅವನು ಬಾಗಿಲಿಗೆ ಓಡಿದ. ಬಾಗಿಲು ತೆರೆಯಲಿಲ್ಲ. ಹೊರಗಿನಿಂದ ಚಿಲಕ ಹಾಕಿತ್ತು.

ಎಷ್ಟು ಹೊತ್ತು ಬಾಗಿಲು ಬಡಿದನೋ ದೇವರೇ ಬಲ್ಲ. ಆ ಬಾಗಿಲಿನಿಂದ ಆಕೆಯ ಒಗೆಯುವ ಕೋಣೆಗೆ ನಲವತ್ತು ಹೆಜ್ಜೆ. ಆಕೆಯ ತೊಟ್ಟಿಗಳಲ್ಲಿ ಕಂಠಮಟ್ಟ ನೀರಿತ್ತು. ಒಗೆಯುವ ಯಂತ್ರ ಗಡಗಡ ತಿರುಗುತ್ತಿತ್ತು. ಆಕೆಗೆ ಏನೂ ಕೇಳಿಸಲಿಲ್ಲ.

ಚಿಲಕ ತೆಗೆದವನು ಗೇಟು ಕಾಯುವವನು. ಗೆರೆಯಣ್ಣನಿಗಿಂತ ಹತ್ತು ವರ್ಷ ಚಿಕ್ಕವನು, ಅವನನ್ನು ಅಣ್ಣ ಎಂದೂ ಇವಳನ್ನು ಅಕ್ಕ ಎಂದೂ ಕರೆಯುತ್ತಿದ್ದವನು. ಆಸ್ಪತ್ರೆಯ ವರಾಂಡದಲ್ಲಿ ಅವನೇ ಆಕೆಗೆ ಹೇಳಿದ.

"ಚಿಲಕ ಹಾಕಿತ್ತು ಅಕ್ಕ. ಹೊರಗಡೆಯಿಂದ ಹಾಕಿತ್ತು. ನಾನೇ ತೆಗೆದೆ."

ನಡೆದದ್ದನ್ನು ತುಂಡುತುಂಡಾಗಿ ಹೆಂಡತಿಗೆ ಹೇಳಿ, ನಾಲ್ಕನೆಯ ದಿನ ಗೆರೆಯಣ್ಣ ಹೋದ.

ಮಣ್ಣು ಮಾಡಿದ ಮರುದಿನ ಮ್ಯಾನೇಜರು ಆಕೆಯನ್ನು ಕರೆಸಿದ. ಅವನ ಕೋಣೆಯಲ್ಲಿ ಮೇಜಿರಲಿಲ್ಲ. ನೆಲಹಾಸಿನ ಮೇಲೆ ಮೇಜಿನ ನಾಲ್ಕು ಕಾಲುಗಳ ಗುಳಿ ಮಾತ್ರ ಉಳಿದಿತ್ತು. ಗೋಡೆಯ ಮೇಲೆ ಕಪಾಟಿದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು.

"ಕೂತ್ಕೋಮ್ಮ" ಎಂದ. ಕೂರಲು ಇದ್ದದ್ದು ಒಂದು ಕುರ್ಚಿ. ಅದರಲ್ಲಿ ಅವನು ಕೂತಿದ್ದ.

ಆಕೆ ನಿಂತಳು. "ಸಾಹೇಬ್ರೇ, ನಾನು ಒಂದೇ ಮಾತು ಕೇಳೋಕೆ ಬಂದೆ. ಶನಿವಾರ ಅವರ ಗೂಟ ನಡುಚುಕ್ಕೆ ಮೇಲೆ ಇಡ್ಬೇಕು. ಒಂದು ನಿಮಿಷ ಎಲ್ಲರೂ ನಿಲ್ಬೇಕು. ಅಷ್ಟೇ."

"ಅದೆಲ್ಲ ಹಳೇ ಕಾಲದ್ದಮ್ಮ. ಅದೂ ಅಲ್ದೆ, ನಿಯಮದ ಪ್ರಕಾರ ನಿನ್ನ ಗಂಡ ನಮ್ಮವನೇ ಅಲ್ಲ. ಗುತ್ತಿಗೆಯವನು."

"ಹೋದ ವರ್ಷ ಧಣಿಗಳ ಅಪ್ಪ ತೀರಿಕೊಂಡಾಗ ಹತ್ತು ನಿಮಿಷ ನಿಂತ್ರಿ. ಅವರು ಈ ಮೈದಾನ ನೋಡೇ ಇರಲಿಲ್ಲ."

ಮ್ಯಾನೇಜರು ನಿಟ್ಟುಸಿರು ಬಿಟ್ಟ. ಮಡಿಲಿನಿಂದ ಒಂದು ಕಾಗದ ತೆಗೆದ. "ನೋಡು, ನಾನೇನು ಕಲ್ಲು ಮನಸ್ಸಿನವನಲ್ಲ. ಮಾಡೋಣ. ಗೂಟ ಇಡೋಣ, ಟಿವಿಯವರಿಗೂ ಹೇಳೋಣ, ಅವನ ಹೆಸರು ಮೈಕಲ್ಲಿ ಕೂಗಿಸೋಣ. ಇದಕ್ಕೊಂದು ಸಹಿ ಹಾಕಿಬಿಡು. ಓದ್ತೀನಿ ಕೇಳು."

"ನಂಗೆ ಓದೋಕೆ ಬರುತ್ತೆ."

ಕಾಗದ ತೆಗೆದುಕೊಂಡು ಓದಿದಳು. ನನ್ನ ಗಂಡ ಯಾರ ಅಪ್ಪಣೆಯೂ ಇಲ್ಲದೆ, ಸ್ವಂತ ಇಚ್ಛೆಯಿಂದ, ಕೋಣೆಯೊಳಗೆ ಸುಣ್ಣದ ಕೆಲಸ ಮಾಡಿದನು. ಬಾಗಿಲು ತೆರೆದಿತ್ತು. ಹೊರಗೆ ಚಿಲಕ ಹಾಕಿರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ.

"ಕೊಳ್ಳೋರು ಕೇಳ್ತಿದ್ದಾರೆ. ಜಾಗದ ಮೇಲೆ ಕೇಸಿನ ನೆರಳು ಇರಬಾರದು ಅಂತಾರೆ" ಎಂದ ಮ್ಯಾನೇಜರು. "ಹೋದವನು ಹೋದ. ಅವನಿಗೆ ಮರ್ಯಾದೆ ಸಿಗೋದು ನಿನ್ನ ಕೈಲಿದೆ."

"ನಾಳೆ ಹೇಳ್ತೀನಿ" ಎಂದಳು.

ಆಕೆಗೆ ಒಬ್ಬಳೇ ಮಗಳು. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಕೆಲಸ. ತಂದೆಯ ಸಾವಿಗೆ ಎರಡು ದಿನ ರಜೆ ಕೊಟ್ಟಿದ್ದರು. ಮಗಳು ಕಾಗದವನ್ನು ಎರಡು ಸಲ ಓದಿ ಮಂಚದ ಮೇಲಿಟ್ಟಳು.

"ಹಾಕಮ್ಮ" ಎಂದಳು.

"ಏನು ಹಾಕೋದು?"

"ಸಹಿ. ಹಾಕಿದ್ರೂ ಅಪ್ಪ ಬರಲ್ಲ, ಹಾಕದಿದ್ರೂ ಬರಲ್ಲ. ಇವರ ಮೇಲೆ ಕೇಸು ಹಾಕೋಕೆ ನಮ್ಮ ಹತ್ರ ಏನಿದೆ? ಗೇಟಿನ ಮಾಮ ಬಂದು ಸಾಕ್ಷಿ ಹೇಳ್ತಾನಾ? ಮೊನ್ನೆಯಿಂದ ಅವನು ಈ ಕಡೆ ತಲೆ ಹಾಕಿಲ್ಲ. ಒಂದು ನಿಮಿಷ ಆದ್ರೂ ಅಪ್ಪನ ಹೆಸರು ಎಲ್ಲರ ಕಿವಿಗೆ ಬೀಳ್ಲಿ."

"ಸುಳ್ಳು ಹೇಳಿ ಬೀಳಿಸೋದಾ?"

"ನಿಜ ಹೇಳಿದ್ರೆ ಯಾರು ಕೇಳ್ತಾರಮ್ಮ?"

ಮಗಳ ಮಾತಿನಲ್ಲಿ ತಪ್ಪಿರಲಿಲ್ಲ. ಮೂಲೆಯಲ್ಲಿ ಅವನ ಗೂಟಗಳಿದ್ದವು. ದಾರ ಅವನು ಸುತ್ತಿಟ್ಟ ಹಾಗೆಯೇ ಇತ್ತು, ಒಂದು ಎಳೆಯ ಮೇಲೆ ಇನ್ನೊಂದು ಎಳೆ ಹತ್ತದ ಹಾಗೆ. ಆ ರಾತ್ರಿ ಆಕೆ ದೇವರ ಮುಂದೆ ಕೂತಳು. ಸರಿ ಯಾವುದು ಎಂದು ಕೇಳಲಿಲ್ಲ. ಅದು ಆಕೆಗೆ ಗೊತ್ತಿತ್ತು. ಅವರಿಗೆ ಆ ನಿಮಿಷವನ್ನು ನನ್ನ ಕೈಯಾರೆ ತಪ್ಪಿಸಬೇಕಲ್ಲಪ್ಪ, ಅದಕ್ಕೆ ಗಟ್ಟಿ ಮನಸ್ಸು ಕೊಡು ಎಂದಷ್ಟೇ ಕೇಳಿದಳು.

ಮರುದಿನ ಮ್ಯಾನೇಜರು ಪೆನ್ನನ್ನು ಮುಚ್ಚಳ ತೆಗೆದೇ ಚಾಚಿದ. ಆಕೆ ಕಾಗದವನ್ನು ಅವನ ತೊಡೆಯ ಮೇಲಿಟ್ಟಳು.

"ಇದನ್ನ ಬದಲಾಯಿಸಿ ಸಾಹೇಬ್ರೇ. ನೀವು ಒಳಗೆ ಮಾಡು ಅಂದ್ರಿ ಅಂತ ಬರೀರಿ. ನೀರು ನಿಲ್ಲಿಸಿದ್ರಿ ಅಂತ ಬರೀರಿ. ಚಿಲಕ ಹೊರಗೆ ಹಾಕಿತ್ತು ಅಂತ ಬರೀರಿ. ಈಗಲೇ ಸಹಿ ಹಾಕ್ತೀನಿ."

"ತಲೆ ಕೆಟ್ಟಿದೆಯಾ ನಿಂಗೆ?"

"ಮೂವತ್ತೊಂದು ವರ್ಷದಲ್ಲಿ ಅವರು ಒಂದು ಗೆರೆ ಸೊಟ್ಟ ಎಳೀಲಿಲ್ಲ. ಅವರ ಹೆಸರಲ್ಲಿ ನಾನು ಎಳೆಯಲ್ಲ."

"ಹಾಗಾದ್ರೆ ಗೂಟಾನೂ ಇಲ್ಲ, ನಿಮಿಷಾನೂ ಇಲ್ಲ."

"ಬೇಡ."

ಅದೊಂದು ಬೇಕಾಗಿತ್ತು ಆಕೆಗೆ. ಬದುಕಿನಲ್ಲಿ ಬೇರೇನೂ ಕೇಳಿರಲಿಲ್ಲ.

ಮ್ಯಾನೇಜರು ಕಾಗದ ಮಡಿಸಿದ. "ತಿಂಗಳ ಕೊನೆಗೆ ಮನೆ ಖಾಲಿ ಮಾಡು. ಶನಿವಾರಕ್ಕೆ ಬಟ್ಟೆ ರೆಡಿ ಇರಲಿ. ಒಂದೇ ಜೊತೆ ಇರೋದು, ಗೊತ್ತಲ್ಲ."

"ಒಗೆಯಲ್ಲ."

"ಏನಂದೆ?"

"ಒಗೆಯಲ್ಲ ಅಂದೆ."

ಇಪ್ಪತ್ತೆರಡು ವರ್ಷದಲ್ಲಿ ಆಕೆ ಆ ಮಾತನ್ನು ಮೊದಲ ಸಲ ಆಡಿದ್ದಳು. ಜ್ವರ ಬಂದಾಗ ಆಡಿರಲಿಲ್ಲ. ಹೆರಿಗೆಯಾದ ಹನ್ನೊಂದನೆಯ ದಿನ ಮಗುವನ್ನು ತೊಟ್ಟಿಯ ಪಕ್ಕದಲ್ಲಿ ಮಲಗಿಸಿಕೊಂಡು ಒಗೆದಿದ್ದಳು. ಅವರ ಬೆವರು, ರಕ್ತ, ಕೆಸರು, ವಾಂತಿ, ಎಲ್ಲವನ್ನೂ ಕೈಯಿಂದ ಉಜ್ಜಿದ್ದಳು. ಯಂತ್ರ ಬಂದ ಮೇಲೂ ಕಾಲರುಗಳನ್ನು ಕೈಯಿಂದಲೇ ಉಜ್ಜುತ್ತಿದ್ದಳು.

ಭಾನುವಾರದ ಆಟದ ಬಟ್ಟೆಗಳು ಒಗೆಯುವ ಕೋಣೆಯ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಕೊಳ್ಳುವವರಿಗೆಂದು ಬಿಟ್ಟ ನೀರಿನಿಂದ ಮೈದಾನ ಕೆಸರಾಗಿತ್ತು. ಆ ಕೆಸರು ಅವುಗಳ ಮೇಲೆ ಒಣಗಿ ಹಪ್ಪಳದಂತಾಗಿತ್ತು. ಆಕೆ ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ತನ್ನಲ್ಲೇ ಇಟ್ಟುಕೊಂಡಳು.

ಗುರುವಾರ ಕ್ಯಾಪ್ಟನ್ ಮನೆಗೆ ಬಂದ. ಹತ್ತು ವರ್ಷದವನಾಗಿದ್ದಾಗ ಕ್ಲಬ್ಬಿಗೆ ಬಂದವನು. ಆಕೆ ಅವನನ್ನು ಈಗಲೂ ಪುಟ್ಟ ಎನ್ನುತ್ತಿದ್ದಳು. ಈಗ ಅವನ ಮುಖ ಬೀದಿಯ ಬೋರ್ಡುಗಳ ಮೇಲಿತ್ತು. ಹೊಸಿಲ ಹೊರಗೇ ನಿಂತು ಪ್ಯಾಂಟಿನ ಕಾಲು ಮಡಿಸಿ ಮಂಡಿ ತೋರಿಸಿದ. ಚರ್ಮ ಸುಟ್ಟು ಕೆಂಪಗಾಗಿತ್ತು.

"ಭಾನುವಾರದ ಗೆರೆ. ಅದೇ ಸುಣ್ಣ ಅಮ್ಮ. ಅಣ್ಣನ ಡ್ರಮ್ಮಿಂದ ಉಳಿದಿದ್ದು."

ಆಕೆ ಒಳಗಿಂದ ಎಣ್ಣೆಯ ಬಟ್ಟಲು ತಂದು ಅವನ ಮಂಡಿಗೆ ಸವರಿದಳು.

"ಬಟ್ಟೆ ಕೊಡಲ್ವಂತೆ" ಎಂದ ಅವನು.

"ಕೊಡ್ತೀನಿ. ಒಗೆಯಲ್ಲ. ಹೇಗಿದೆಯೋ ಹಾಗೆ ಹಾಕ್ಕೊಳ್ಳಿ."

"ಹಾಕ್ಕೋತೀವಿ" ಎಂದ. "ಅಮ್ಮ, ಅವರು ಇಡದಿದ್ರೇನು. ನಾವು ಹನ್ನೊಂದು ಜನ ಇದೀವಿ. ಸೀಟಿ ಊದಿದ ಮೇಲೂ ಅಲುಗಲ್ಲ. ಚೆಂಡು ಮುಟ್ಟಲ್ಲ. ಒಂದು ನಿಮಿಷ ನಿಂತ್ಕೋತೀವಿ. ನೀನು ಗೂಟ ತಗೊಂಡು ಬಾ."

"ಆಣೆ ಇಡ್ಬೇಡ ಪುಟ್ಟ."

"ಆಣೆ ಅಲ್ಲ. ಮಾತು."

ಶನಿವಾರ ಬೆಳಿಗ್ಗೆ ಆಕೆ ಬೀಗ ತೆಗೆದಳು. ಆಟಗಾರರು ಒಬ್ಬೊಬ್ಬರೇ ಬಂದು ಕೆಸರಿನ ಬಟ್ಟೆ ಎತ್ತಿಕೊಂಡು ಹೋದರು. ಕೆಲವರು ಮೂಗು ಮುಚ್ಚಿಕೊಂಡರು. ಒಬ್ಬ, "ನಮ್ಮಮ್ಮ ನೋಡಿದ್ರೆ ಒಳಗೆ ಸೇರಿಸಲ್ಲ" ಎಂದ. ಇಬ್ಬರು ನಕ್ಕರು. ಆಕೆಗೂ ನಗು ಬರುವಂತಾಗಿ ನಿಂತುಹೋಯಿತು.

ಮೈದಾನ ತುಂಬಿತ್ತು. ಗೆಲ್ಲುತ್ತಿದ್ದ ಕಾಲದಲ್ಲೂ ಅಷ್ಟು ಜನ ಸೇರಿರಲಿಲ್ಲ. ಆಟಗಾರರು ಹೊರಗೆ ಬಂದರು. ಎದೆಯ ಮೇಲೆ, ಬೆನ್ನಿನ ಮೇಲೆ ಆರು ದಿನದ ಕೆಸರು. ಒಂದು ಕ್ಷಣ ಇಡೀ ಮೈದಾನ ಸ್ತಬ್ಧವಾಯಿತು. ಆಕೆ ಆಟಗಾರರು ಹೊರಬರುವ ಓಣಿಯ ಬಾಯಲ್ಲಿ ಮಗಳ ಪಕ್ಕ ನಿಂತಿದ್ದಳು. ಈಗ ಕೇಳುತ್ತಾರೆ ಎಂದುಕೊಂಡಳು. ಬಟ್ಟೆ ಯಾಕೆ ಒಗೆದಿಲ್ಲ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.

ಮೈಕಿನವನು ಗದ್ಗದ ಕಂಠದಲ್ಲಿ ಹೇಳಿದ: "ನೋಡಿ. ಬಟ್ಟೆ ಒಗೆಸೋಕೂ ಗತಿಯಿಲ್ಲದ ನಮ್ಮ ಕ್ಲಬ್ಬು. ಆದ್ರೂ ಆಡೋಕೆ ಬಂದಿರೋ ನಮ್ಮ ಹುಡುಗರು."

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮತ್ತೆ ಅತ್ತರು. ಕ್ಯಾಮೆರಾಗಳು ಆ ಕೆಸರನ್ನು ಹತ್ತಿರದಿಂದ ಹಿಡಿದವು. ಆಕೆಯ ಸಿಟ್ಟನ್ನೂ ಅವರು ಕ್ಲಬ್ಬಿನ ದುಃಖಕ್ಕೇ ಸೇರಿಸಿಕೊಂಡರು.

"ಈಗ ನಮ್ಮ ಕ್ಲಬ್ಬಿನ ನೆನಪಿಗೆ ಒಂದು ನಿಮಿಷ ಮೌನ" ಎಂದ ಮೈಕಿನವನು.

ಎಲ್ಲರೂ ತಲೆ ತಗ್ಗಿಸಿದರು. ನಡುಚುಕ್ಕೆಯ ಮೇಲೆ ಚೆಂಡು ಇಟ್ಟಿತ್ತು. ಆಕೆ ಮಡಿಲಿನಿಂದ ಗೂಟಗಳನ್ನು ತೆಗೆದು ನಡೆದಳು. ಓಡಲಿಲ್ಲ, ನಡೆದಳು. ಅಂಚಿನ ಗೆರೆಯ ಹತ್ತಿರ ಇಬ್ಬರು ಕಾವಲಿನವರು ಅಡ್ಡ ಬಂದರು. ಅವರಲ್ಲಿ ಒಬ್ಬ ಗೇಟಿನವನು.

"ಬೇಡ ಅಕ್ಕ" ಎಂದು ಆಕೆಯ ತೋಳು ಹಿಡಿದ. "ದಯವಿಟ್ಟು ಬೇಡ. ಗೆರೆ ದಾಟಬಾರದು ಅಂತ ಅಪ್ಪಣೆ ಆಗಿದೆ."

"ಯಾರ ಗೆರೆ ಅದು?" ಎಂದಳು ಆಕೆ.

ಇನ್ನೊಬ್ಬ ಕಾವಲಿನವನು ಆಕೆಯನ್ನು ತಳ್ಳಿದ. ಆಕೆ ಬಿದ್ದಳು. ಎರಡು ಅಂಗೈಯೂ ಸುಣ್ಣದ ಗೆರೆಯ ಮೇಲೆ ಊರಿದವು. ಸೋಪು ತಿಂದ, ಅಲ್ಲಲ್ಲಿ ಒಡೆದಿದ್ದ ಅಂಗೈಗಳು ಅವು. ಸುಣ್ಣ ಹೊಕ್ಕು ಉರಿಯತೊಡಗಿತು. ಮಗಳು ಓಡಿ ಬಂದು ಎಬ್ಬಿಸಿದಳು.

ಕ್ಯಾಪ್ಟನ್ ನೋಡಿದ. ಆಕೆ ಬಿದ್ದದ್ದನ್ನು ನೋಡಿದ. ಗಾಜಿನ ಕೋಣೆಯಲ್ಲಿ ಬೇರೆ ಕ್ಲಬ್ಬಿನವರು ಕೂತಿದ್ದರು. ನಾಳೆಯಿಂದ ತಮ್ಮ ಕಡೆಗೆ ಯಾವ ಆಟಗಾರನನ್ನು ಕರೆಯುವುದು ಎಂದು ಆರಿಸಲು ಬಂದವರು. ಸೀಟಿ ಕೂಗಿತು. ಹತ್ತು ಜನ ಅವನ ಮುಖ ನೋಡಿದರು. ಅವನು ನೆಲ ನೋಡಿದ. ಆಮೇಲೆ ಚೆಂಡನ್ನು ಒದ್ದ.

ಕ್ಲಬ್ಬು ಸೋತಿತು. ಎಷ್ಟಕ್ಕೆ ಸೋತಿತೆಂದು ಆಕೆ ಕೇಳಲಿಲ್ಲ.

ಮನೆಯಲ್ಲಿ ಮಗಳು ಆಕೆಯ ಕೈಗಳನ್ನು ತೊಟ್ಟಿಯಲ್ಲಿ ಅದ್ದಿ ಹಿಡಿದಳು. ನೀರು ಬದಲಾಯಿಸಿ ಮತ್ತೆ ಹಿಡಿದಳು.

"ಸಹಿ ಹಾಕು ಅಂದಿದ್ದೆನಲ್ಲ" ಎಂದಳು ಮಗಳು.

"ಹೂಂ."

"ಹಾಕದೇ ಇದ್ದದ್ದು ಒಳ್ಳೇದಾಯ್ತು. ಅವರ ಜೊತೆ ನಿಂತ್ಕೊಂಡಿದ್ರೆ ಅಪ್ಪನೂ ಸುಳ್ಳಾಗಿಬಿಡ್ತಿದ್ದ."

ತಾಯಿಗೆ ಅದು ಸಮಾಧಾನ ತರಲಿಲ್ಲ.

ಭಾನುವಾರ ಬೆಳಿಗ್ಗೆ ಅಳತೆಯವರು ಬಂದರು. ಮೈದಾನವನ್ನು ತುಂಡು ಮಾಡಿ ಕಟ್ಟಡ ಕಟ್ಟಲು ಅಳೆಯುತ್ತಿದ್ದರು. ಗೋಲಿನ ಕಂಬಗಳನ್ನು ಆಗಲೇ ಕಿತ್ತು ಮಲಗಿಸಿದ್ದರು. ಆಕೆ ಗೂಟಗಳನ್ನು ಹಿಡಿದು ಮೈದಾನದೊಳಗೆ ನಡೆದಳು. ಈ ಸಲ ಯಾರೂ ತಡೆಯಲಿಲ್ಲ. ಕಾಯುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ.

ನಡುಚುಕ್ಕೆ ಅರ್ಧ ಅಳಿಸಿತ್ತು. ಆಕೆ ಕೂತು ಗೂಟಗಳನ್ನು ಅದರ ಮೇಲಿಟ್ಟಳು. ನಟ್ಟನಡುವೆ ಬರಲಿಲ್ಲ. ಸರಿಮಾಡಿದಳು. ಮತ್ತೊಮ್ಮೆ ಸರಿಮಾಡಿದಳು.

ಹಿಂದೆ ಯಾರೋ ಬಂದು ನಿಂತ ಸದ್ದಾಯಿತು. ಗೇಟಿನವನು.

"ಅಕ್ಕ."

ಆಕೆ ತಿರುಗಲಿಲ್ಲ.

"ಚಿಲಕ ತೆಗೆದದ್ದು ನಾನು ಅಂತ ಹೇಳಿದ್ದೆ ನಿಂಗೆ."

"ಹೂಂ."

"ಹಾಕಿದ್ದೂ ನಾನೇ ಅಕ್ಕ. ಅವರು ನೋಡಿ ಹೋಗೋ ತನಕ ಬಾಗಿಲು ತೆರೆಯೋ ಹಾಗಿರಬಾರದು, ಚಿಲಕ ಹಾಕು ಅಂದ್ರು ಸಾಹೇಬ್ರು. ಹಾಕಿದೆ. ಅಣ್ಣ ಒಳಗಿದ್ದಾನೆ ಅಂತ ಗೊತ್ತಿತ್ತು. ಬಡಿಯೋದು ಕೇಳಿಸ್ತು. ಅವರು ಇನ್ನೂ ಅಲ್ಲೇ ಮಾತಾಡ್ತಾ ನಿಂತಿದ್ರು. ಅವರು ಹೋಗ್ಲಿ ಅಂತ ಕಾದೆ."

ಅಳತೆಯವನೊಬ್ಬ ದೂರದಿಂದ, "ಅಮ್ಮಾ, ಆ ಕಡೆ ಬರ್ತೀವಿ, ಸ್ವಲ್ಪ ಸರೀರಿ" ಎಂದು ಕೂಗಿದ.

ಆಕೆ ಗೂಟಗಳನ್ನೇ ನೋಡಿದಳು. ಬೈಯಲಿಲ್ಲ. ಕ್ಷಮಿಸಲೂ ಇಲ್ಲ. ಮೂವತ್ತೊಂದು ವರ್ಷ ಹೇಳಿದ್ದನ್ನು ಮಾಡಿದ ಒಂದು ಮೈ ಮಣ್ಣಿನಲ್ಲಿ ಮಲಗಿತ್ತು. ಹೇಳಿದ್ದನ್ನು ಮಾಡಿದ ಇನ್ನೊಂದು ಮೈ ಆಕೆಯ ಹಿಂದೆ ನಿಂತಿತ್ತು.

"ಕೇಳಿದ ಕಡೆ ಇದನ್ನ ಹೇಳ್ತೀಯಾ?" ಎಂದಳು.

ಅವನು ಗಾಜಿನ ಕೋಣೆಗಳ ಕಡೆ ನೋಡಿ ಕಣ್ಣು ಕೆಳಗೆ ಹಾಕಿದ.

"ಟೋಪಿ ತೆಗಿ" ಎಂದಳು ಆಕೆ.

ಅವನು ತೆಗೆದ. ಆಕೆ ಸುಟ್ಟ ಅಂಗೈಗಳನ್ನು ಜೋಡಿಸಿದಳು. ಅವು ಪೂರ್ತಿ ಕೂಡಲಿಲ್ಲ. ಹಾಗೆಯೇ ಹಿಡಿದು, ಅಳತೆಯವರು ಹತ್ತಿರ ಬರುತ್ತಿದ್ದಂತೆ, ಗಟ್ಟಿಯಾಗಿಯೇ ಹೇಳಿದಳು:

"ದೇವರೇ, ನನ್ನ ಮನೆಯವರು ನಿನ್ನ ಹತ್ತಿರ ಬಂದಿದ್ದಾರೆ. ಅವರಿಗೆ ಕಣ್ಣು ಕಾಣುವುದಿಲ್ಲ, ಕೈ ಹಿಡಿದು ಕರೆದುಕೋ. ನಲವತ್ತು ಹೆಜ್ಜೆ ದೂರದಲ್ಲಿ ಅಷ್ಟು ನೀರಿಟ್ಟುಕೊಂಡು ನಾನು ಅವರ ಕಣ್ಣು ತೊಳೆಯಲಾರದೆ ಹೋದೆ. ನೀನು ತೊಳೆ. ಅವರ ಬೆನ್ನು ನೇರ ಮಾಡು. ಯಾರು ಬಂದರೂ ಅವರನ್ನು ಮರೆಗೆ ಹೋಗು ಎನ್ನಬೇಡ. ನಿನ್ನ ಮನೆಯಲ್ಲಿ ಅವರಿಗೆ ಒಂದು ಕೋಣೆ ಕೊಡು, ಕಿಟಕಿ ಇರುವ ಕೋಣೆ. ಬಾಗಿಲಿಗೆ ಚಿಲಕ ಇರುವುದಾದರೆ ಅದು ಒಳಗಡೆ ಇರಲಿ. ಅವರು ಬೇಕೆಂದಾಗ ತೆಗೆಯಲಿ. ಅಲ್ಲಿ ಅವರು ನೆಮ್ಮದಿಯಾಗಿ ಮಲಗಲಿ."